ಶನಿವಾರಸಂತೆಯ ಜೆರಾಕ್ಸ್ ಅಂಗಡಿಗೆ ಲಿನಕ್ಸ್ ಬಂದದ್ದು: ಒಂದು ಪ್ರಕರಣ ಅಧ್ಯಯನ

ಲಿನಕ್ಸ್‌ನಂಥ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಬಳಸಿ ಹಂಚಬಹುದಾದ, ಆಪರೇಟಿಂಗ್ ಸಿಸ್ಟಂಗಳನ್ನು (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳನ್ನು) ಸಾಮಾನ್ಯ ಬಳಕೆದಾರರಿಗೆ ಶಿಫಾರಸು ಮಾಡಬೇಕೇ ಎಂಬ ಚರ್ಚೆ ನಡೆದಾಗಲೆಲ್ಲ ಆ ಸಾಮಾನ್ಯ ಬಳಕೆದಾರ ಯಾರು ಎಂಬ ಪ್ರಶ್ನೆ ಹಿಂದೆಯೇ ಉಳಿದುಬಿಡುತ್ತದೆ. ಕೊಡಗಿನ ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡವರು ಕಡಿಮೆ. ಫೋನಿನಲ್ಲಿ ಆಗುವ ಕೆಲಸ ಫೋನಿನಲ್ಲೇ ಮುಗಿಯುತ್ತದೆ. ಅರ್ಜಿ ತುಂಬಬೇಕಾದಾಗ, ಕಾಗದ ಕೈಗೆ ಬೇಕಾದಾಗ ಜನ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ಸುತ್ತಲಿನ ಹತ್ತಾರು ಹಳ್ಳಿಗಳಿಗೆ ಆ ಅಂಗಡಿಯ ಕಂಪ್ಯೂಟರೇ ಕಂಪ್ಯೂಟರ್. ಆದ್ದರಿಂದ ಈ ಪ್ರಶ್ನೆಯನ್ನು ಪರೀಕ್ಷಿಸಲು ಅಂಥದೊಂದು ಅಂಗಡಿಗಿಂತ ತಕ್ಕ ಜಾಗ ನನಗೆ ಕಾಣಲಿಲ್ಲ.

ಸೋಮವಾರಪೇಟೆ ತಾಲ್ಲೂಕಿನ ಶನಿವಾರಸಂತೆಯ ಈ ಅಂಗಡಿಯಲ್ಲಿ ಎರಡು ಕಂಪ್ಯೂಟರ್, ಒಂದು ನಕಲು ಯಂತ್ರ, ಎರಡು ಪ್ರಿಂಟರ್, ಒಂದು ಸ್ಕ್ಯಾನರ್ ಮತ್ತು ಆಧಾರ್ ದೃಢೀಕರಣಕ್ಕೆ ಬೆರಳಿನ ಗುರುತು ಓದುವ ಸಾಧನ ಇವೆ. ಮಾಲೀಕರು ಐವತ್ತು ದಾಟಿದವರು, ಊರವರ ಬಾಯಲ್ಲಿ ಅಣ್ಣ. ಕನ್ನಡ ಟೈಪ್ ಮಾಡಲು ಒಬ್ಬ ಮಹಿಳೆ ಇದ್ದಾರೆ. ಗಿರಾಕಿಗಳೂ ಮಾಲೀಕರೂ ಅವರನ್ನು ಅಕ್ಕ ಎಂದೇ ಕರೆಯುವುದರಿಂದ ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಲಿನಕ್ಸ್‌ನ ಮಾತು ತೆಗೆದವನು ಮಾಲೀಕರ ಸೋದರಳಿಯ, ಕುಶಾಲನಗರದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಹಳೆಯ ಕನ್ನಡ ಫೈಲುಗಳನ್ನು ಏನು ಮಾಡುವುದೆಂದು ಅವನು ನನ್ನನ್ನು ಕೇಳಿದ್ದರಿಂದ ನಾನು ಈ ಪ್ರಕರಣವನ್ನು ಹತ್ತಿರದಿಂದ ನೋಡುವಂತಾಯಿತು. ಅಂಗಡಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ ಎದ್ದ ಬಗೆ

ಎರಡು ಕಂಪ್ಯೂಟರುಗಳಲ್ಲಿ ಹಳೆಯದು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು: ಇಂಟೆಲ್‌ನ 4ನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ಮೆಮೊರಿ, ತಿರುಗುವ ಹಾರ್ಡ್ ಡಿಸ್ಕ್. ಅದರಲ್ಲಿ ವಿಂಡೋಸ್ 10 ಇತ್ತು, ಆದರೆ ಪರವಾನಗಿ ಇರಲಿಲ್ಲ. ರಿಪೇರಿ ಮಾಡುವವರು ಫಾರ್ಮ್ಯಾಟ್ ಮಾಡಿ, ಬೀಗ ಒಡೆದ ಪ್ರತಿಯೊಂದನ್ನು ಹಾಕಿಕೊಟ್ಟಿದ್ದರು. ನಮ್ಮ ಕಡೆಯ ಬಹಳಷ್ಟು ಅಂಗಡಿಗಳಲ್ಲಿ ಇದು ಯಾರೂ ಪ್ರಶ್ನಿಸದ ವಾಡಿಕೆ. ಎರಡನೆಯದು ಹೊಸದು, ಅಸಲಿ ವಿಂಡೋಸ್ ಸಮೇತ ಬಂದದ್ದು, ವಿಂಡೋಸ್ 11ಕ್ಕೆ ಏರಲು ಅರ್ಹವಾಗಿದ್ದುದು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಭದ್ರತಾ ಅಪ್‌ಡೇಟುಗಳು ನಿಲ್ಲುತ್ತವೆ ಎಂಬ ಪ್ರಕಟಣೆ ಹಳೆಯ ಕಂಪ್ಯೂಟರನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನದೋ ಅದರ ನಂತರದ್ದೋ ಆಗಿರಬೇಕು. ಕೆಲಸಕ್ಕೆ ಏನೂ ಕೊರತೆಯಿಲ್ಲದ ಯಂತ್ರವೊಂದು ಕಾಗದದ ಮೇಲೆ ಅನರ್ಹವಾಯಿತು. ಇನ್ನೊಂದು ವರ್ಷದ ಮಟ್ಟಿಗೆ ಅಪ್‌ಡೇಟ್ ವಿಸ್ತರಿಸಿಕೊಳ್ಳುವ ದಾರಿಯನ್ನು ಮೈಕ್ರೋಸಾಫ್ಟ್ ನಂತರ ತೆರೆದಿದ್ದರೂ ಅದು ಪರವಾನಗಿ ಇದ್ದವರಿಗಾಗಿ ಮಾಡಿದ ಏರ್ಪಾಡು.

ಪರವಾನಗಿಯ ವಿಷಯವನ್ನು ಇಲ್ಲಿ ಸ್ವಲ್ಪ ಒತ್ತಿ ಹೇಳಬೇಕಾಗಿದೆ, ಏಕೆಂದರೆ ವಿಂಡೋಸ್ ಹೇಗೂ ಪುಕ್ಕಟೆ ಸಿಗುತ್ತದಲ್ಲ ಎಂಬ ಮಾತಿನಿಂದಲೇ ಈ ಚರ್ಚೆ ಹಲವು ಕಡೆ ಮುಗಿದುಹೋಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಕಳ್ಳಪ್ರತಿಯೆಂದು ತಿಳಿದೂ ಅದನ್ನು ಕಂಪ್ಯೂಟರಿನಲ್ಲಿ ಬಳಸಿದರೆ 7 ದಿನಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಲಿ ವ್ಯಾಪಾರಕ್ಕಾಗಲಿ ಬಳಸದವರಿಗೆ ನ್ಯಾಯಾಲಯ ರಿಯಾಯಿತಿ ತೋರಿಸಬಹುದು. ಅಂಗಡಿಗೆ ಆ ರಿಯಾಯಿತಿಯ ಆಸರೆಯೂ ಇಲ್ಲ. ಶನಿವಾರಸಂತೆಗೆ ಇದಕ್ಕಾಗಿ ಯಾರಾದರೂ ತಪಾಸಣೆಗೆ ಬಂದಾರೆಂದು ನಾನು ಹೆದರಿಸಲಾರೆ. ಆದರೆ ಬೀಗ ಒಡೆಯುವ ಪ್ರೋಗ್ರಾಂ ಓಡಬೇಕೆಂದು ಆಂಟಿವೈರಸ್ಸನ್ನು ಆರಿಸಿಟ್ಟ ಕಂಪ್ಯೂಟರಿನಲ್ಲೇ ಊರವರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್‌ಗಳ ಪ್ರತಿಗಳು ತಿಂಗಳುಗಟ್ಟಲೆ ಬಿದ್ದಿರುತ್ತವೆ ಎಂಬುದು ತಪಾಸಣೆಗಿಂತ ದೊಡ್ಡ ಸಂಗತಿ.

ಮೊದಲು ಕೆಲಸಗಳ ಲೆಕ್ಕ

ಹುಡುಗ ಮೊದಮೊದಲು ಮಾಡಿದ್ದು ಉತ್ಸಾಹಿಗಳೆಲ್ಲ ಮಾಡುವ ಕೆಲಸವನ್ನೇ. ಪೆನ್‌ಡ್ರೈವ್‌ನಿಂದ ಲಿನಕ್ಸ್‌ನ ಒಂದು ರೂಪವಾದ ಲಿನಕ್ಸ್ ಮಿಂಟ್ ಚಾಲೂ ಮಾಡಿ, ಪರದೆಯ ಅಂದ, ಮೆನುವಿನ ವೇಗ ಇವನ್ನೆಲ್ಲ ತೋರಿಸಿದ. ಮಾಲೀಕರು ಕೇಳಿದ್ದು ಒಂದೇ ಮಾತು: "ಅಲ್ಲ ಕಣೋ, ನಾಳೆ ಪ್ರಿಂಟ್ ಬರದೆ ಹೋದ್ರೆ ಗಿರಾಕಿಗೆ ನಾನು ಏನಂತ ಹೇಳ್ಲಿ?" ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಅವನು ಹಿಡಿದ ದಾರಿ ಈ ಇಡೀ ಪ್ರಕರಣದಲ್ಲಿ ಅನುಕರಣೆಗೆ ಯೋಗ್ಯವಾದದ್ದು. ಸಂತೆಯ ದಿನವೂ ಸೇರಿದಂತೆ ಒಂದು ವಾರ ಅಂಗಡಿಯಲ್ಲಿ ಒಂದು ನೋಟ್‌ಪುಸ್ತಕ ಇಟ್ಟು, ಯಾವ ಕೆಲಸ ಬಂತು, ಅದಕ್ಕೆ ಯಾವ ತಂತ್ರಾಂಶ ತೆರೆಯಬೇಕಾಯಿತು, ಯಾವ ಯಂತ್ರ ಬೇಕಾಯಿತು ಎಂಬುದನ್ನಷ್ಟೇ ಬರೆಯಲು ಅಕ್ಕನಿಗೆ ಹೇಳಿದ.

ಪುಸ್ತಕದಲ್ಲಿ ಕಂಡದ್ದು ಮಾಲೀಕರಿಗೂ ಆಶ್ಚರ್ಯದ ವಿಷಯವಾಯಿತು. ಬಂದ ಕೆಲಸಗಳಲ್ಲಿ ಬಹುಪಾಲು ಬ್ರೌಸರಿನೊಳಗೇ ಮುಗಿಯುವಂಥವು: ವಾಟ್ಸಾಪ್ ವೆಬ್‌ನಲ್ಲಿ ಬಂದ ಪಿಡಿಎಫ್ ತೆಗೆದು ಪ್ರಿಂಟ್ ಕೊಡುವುದು, ಪಹಣಿ ತೆಗೆಯುವುದು, ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕುವುದು, ವಿದ್ಯಾರ್ಥಿವೇತನ ಮತ್ತು ಪರೀಕ್ಷೆಯ ಅರ್ಜಿ ತುಂಬುವುದು, ಕಾಡಾನೆ ತುಳಿದ ಕಾಫಿ ಮತ್ತು ಬಾಳೆಗೆ ಪರಿಹಾರ ಕೇಳುವ ಅರ್ಜಿಗೆ ಫೋಟೋ ಜೋಡಿಸುವುದು. ಇವುಗಳಿಗೆ ಕೆಳಗೆ ಯಾವ ಆಪರೇಟಿಂಗ್ ಸಿಸ್ಟಂ ಇದೆ ಎಂಬುದು ಮುಖ್ಯವಲ್ಲ. ಫೈರ್‌ಫಾಕ್ಸ್ ಅಥವಾ ಕ್ರೋಮ್ ಇದ್ದರೆ ಸಾಕು. ಎರಡನೆಯ ಗುಂಪು ಕನ್ನಡ ಟೈಪಿಂಗಿನದು: ತಹಶೀಲ್ದಾರರಿಗೆ ಮನವಿ, ಬಾಡಿಗೆ ಕರಾರು, ವಂಶವೃಕ್ಷ. ಮೂರನೆಯದು ಚಿಕ್ಕದಾದರೂ ಹಟಮಾರಿ. ಲಗ್ನಪತ್ರಿಕೆ ಮತ್ತು ಬ್ಯಾನರಿನ ವಿನ್ಯಾಸಕ್ಕೆ ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ, ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಫೋಟೋಶಾಪ್, ಮತ್ತು ಬೆರಳಿನ ಗುರುತು ಓದುವ ಸಾಧನ, ಇವೆಲ್ಲ ಅಲ್ಲಿ ಸೇರಿದ್ದವು.

ನಿರ್ಧಾರ ಬಹುಮಟ್ಟಿಗೆ ಅಲ್ಲಿಯೇ ಆಗಿಹೋಯಿತು. ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮೊದಲೆರಡು ಗುಂಪಿನ ಕೆಲಸಗಳನ್ನು ಅದಕ್ಕೆ ಒಪ್ಪಿಸುವುದು. ವಿನ್ಯಾಸ ಮತ್ತು ಬೆರಳಿನ ಗುರುತಿನ ಕೆಲಸವನ್ನು ಹೊಸ ಕಂಪ್ಯೂಟರಿನ ಅಸಲಿ ವಿಂಡೋಸ್‌ನಲ್ಲೇ ಉಳಿಸಿಕೊಳ್ಳುವುದು. ಎರಡನ್ನೂ ಬದಲಿಸದಿದ್ದರೆ ಪ್ರಯೋಗ ಅರ್ಧಕ್ಕೆ ನಿಂತಂತೆ ಎಂದು ಹುಡುಗನಿಗೆ ಬೇಸರವಿತ್ತು. ನನ್ನ ಅಭಿಪ್ರಾಯ ಬೇರೆ. ಹೊಸ ಕಂಪ್ಯೂಟರಿನ ವಿಂಡೋಸ್‌ಗೆ ಹಣ ಈಗಾಗಲೇ ಸಂದಾಯವಾಗಿದೆ, ಅದರ ಕೆಲಸಗಳಿಗೆ ಲಿನಕ್ಸ್‌ನಲ್ಲಿ ಸರಿಸಾಟಿಯಾದ ದಾರಿ ಸದ್ಯಕ್ಕಿಲ್ಲ. ಇಂಕ್‌ಸ್ಕೇಪ್, ಸ್ಕ್ರೈಬಸ್, ಗಿಂಪ್ ಎಂಬ ಮುಕ್ತ ವಿನ್ಯಾಸ ತಂತ್ರಾಂಶಗಳು ಒಳ್ಳೆಯವೇ. ಆದರೆ ವರ್ಷಗಳಿಂದ ಕೂಡಿಟ್ಟ ಲಗ್ನಪತ್ರಿಕೆಯ ಮಾದರಿಗಳು ಅವುಗಳಲ್ಲಿ ಇದ್ದಂತೆಯೇ ತೆರೆದುಕೊಳ್ಳುವುದಿಲ್ಲ, ಮದುವೆಯ ಮನೆಯವರು ಕಾಯುವುದೂ ಇಲ್ಲ.

ಕನ್ನಡದ ಫೈಲುಗಳು

ಹೊರಗಿನವರು ಬರೆದ ಲಿನಕ್ಸ್ ಮಾರ್ಗದರ್ಶಿಗಳಲ್ಲಿ ಈ ಭಾಗ ಇರುವುದೇ ಇಲ್ಲ, ಆದರೆ ನಮ್ಮಲ್ಲಿ ಅತಿ ಹೆಚ್ಚು ಸಮಯ ಹಿಡಿದದ್ದು ಇದೇ. ಅಂಗಡಿಯ ಹಳೆಯ ಕನ್ನಡ ಫೈಲುಗಳೆಲ್ಲ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಫಾಂಟುಗಳಲ್ಲಿದ್ದವು. ಆಸ್ಕಿ ಫಾಂಟಿನ ಫೈಲಿನಲ್ಲಿ ನಿಜವಾಗಿ ಕನ್ನಡ ಅಕ್ಷರಗಳಿರುವುದಿಲ್ಲ. ರೋಮನ್ ಲಿಪಿಯ ಸಂಕೇತಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಜಾಗತಿಕ ಕ್ರಮ ಯೂನಿಕೋಡ್. 1991ರಲ್ಲಿ ಬಂದ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ ಮುದ್ರಣದ ಲೋಕ ಆಸ್ಕಿಗೆ ಅಂಟಿಕೊಂಡಿತು, ಏಕೆಂದರೆ ಅಲ್ಲಿ ಎಲ್ಲರ ಕೈಯಲ್ಲಿದ್ದ ಪೇಜ್‌ಮೇಕರಿಗೆ ಯೂನಿಕೋಡ್ ಬರುತ್ತಿರಲಿಲ್ಲ. ಅದರ ಕೊನೆಯ ಆವೃತ್ತಿಯಾದ 7.0 ಬಿಡುಗಡೆಯಾದದ್ದು 2001ರಲ್ಲಿ. ಇಂದಿಗೂ ಸಣ್ಣ ಊರುಗಳ ಮುದ್ರಣಾಲಯಗಳಲ್ಲಿ ಅದು ನಡೆಯುತ್ತಿದೆ.

ಪರಿವರ್ತಕ ತಂತ್ರಾಂಶಗಳು ಇವೆ, ಉಚಿತವಾಗಿಯೂ ಸಿಗುತ್ತವೆ. ಆದರೆ ಅವುಗಳ ಕೆಲಸವನ್ನು ಕಣ್ಣಿಟ್ಟು ನೋಡದೆ ನಂಬುವಂತಿಲ್ಲ. ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರಣೆಯಂತೆ ಮೊದಲು ಬರುತ್ತದೆ. ಪರಿವರ್ತಕ ಅದನ್ನು ಹಿಂದುಮುಂದು ಮಾಡಬೇಕು. ಅದಕ್ಕಿಂತ ಕಷ್ಟದ್ದು ಒಂದೇ ಫೈಲಿನಲ್ಲಿ ಕನ್ನಡದ ಜೊತೆ ಸೇರಿಕೊಂಡ ಇಂಗ್ಲಿಷ್ ಪದಗಳು: ಬ್ಯಾಂಕಿನ ಐಎಫ್‌ಎಸ್‌ಸಿ ಸಂಕೇತವನ್ನೂ ಪರಿವರ್ತಕ ಕನ್ನಡವೆಂದೇ ಭಾವಿಸಿ ಏನೇನೋ ಅಕ್ಷರ ಮಾಡಿಬಿಡುತ್ತದೆ. ಕರಾರುಪತ್ರದಲ್ಲಿ ಇಂಥ ತಪ್ಪು ಉಳಿದರೆ ಜವಾಬ್ದಾರಿ ಅಂಗಡಿಯವರದೇ.

ಹಾಗಾಗಿ ಎಲ್ಲವನ್ನೂ ಪರಿವರ್ತಿಸುವ ಯೋಚನೆಯನ್ನೇ ಕೈಬಿಡಲು ನಾನು ಸೂಚಿಸಿದೆ. ನುಡಿಯ ಫಾಂಟುಗಳನ್ನು ಲಿನಕ್ಸ್‌ನಲ್ಲೂ ಹಾಕಿಕೊಂಡರೆ ಹಳೆಯ ಫೈಲುಗಳನ್ನು ವರ್ಡ್‌ನಂಥ ಉಚಿತ ತಂತ್ರಾಂಶವಾದ ಲಿಬ್ರೆಆಫೀಸ್‌ನಲ್ಲಿ ತೆರೆದು ಪ್ರಿಂಟ್ ತೆಗೆಯಬಹುದು. ಪದೇ ಪದೇ ಬೇಕಾಗುವ ಅರ್ಜಿಗಳ ಮಾದರಿಗಳನ್ನು ಮಾತ್ರ ಅಕ್ಕ ಬಿಡುವಿನ ವೇಳೆಯಲ್ಲಿ ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿದರು. ಇದನ್ನು ವಿಂಡೋಸ್ ಇದ್ದಾಗಲೇ ಶುರುಮಾಡಿದ್ದು ಒಳ್ಳೆಯದಾಯಿತು. ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದ್ದೇ ಇದೆ. ಜೊತೆಗೆ ಲಿಬ್ರೆಆಫೀಸ್ ಮತ್ತು ಫೈರ್‌ಫಾಕ್ಸ್ ಎರಡೂ ವಿಂಡೋಸ್‌ನಲ್ಲೂ ಓಡುವುದರಿಂದ, ಆಪರೇಟಿಂಗ್ ಸಿಸ್ಟಂ ಬದಲಾಗುವ ಹೊತ್ತಿಗೆ ಅವರಿಗೆ ದಿನವೂ ಬಳಸುವ ತಂತ್ರಾಂಶಗಳು ಪರಿಚಿತವಾಗಿದ್ದವು. ಈ ಅನುಕ್ರಮ ತಲೆಕೆಳಗಾದ ಕಡೆಗಳಲ್ಲಿ, ಅಂದರೆ ಒಂದೇ ದಿನ ಪರದೆಯೂ ತಂತ್ರಾಂಶವೂ ಫಾಂಟೂ ಬದಲಾದ ಕಡೆಗಳಲ್ಲಿ, ಬಳಕೆದಾರರು ಲಿನಕ್ಸನ್ನು ಶಪಿಸುವುದನ್ನು ನಾನು ಕಂಡಿದ್ದೇನೆ; ಅವರನ್ನು ದೂರುವಂತಿಲ್ಲ.

ಕೀಲಿಮಣೆಯ ಭಯ ಮಾತ್ರ ಸುಳ್ಳಾಯಿತು. ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಲಿನಕ್ಸ್‌ನಲ್ಲಿ ಮೊದಲೇ ಇರುತ್ತದೆ. ಸೆಟ್ಟಿಂಗ್‌ನಲ್ಲಿ ಆರಿಸಿಕೊಂಡರೆ ಮುಗಿಯಿತು. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವ ಅಕ್ಕನ ಬೆರಳಿನ ಅಭ್ಯಾಸ ಹಾಗೆಯೇ ನಡೆಯಿತು. ತೊಡಕಾದದ್ದು ಫಾಂಟಿನ ಹೆಸರು. ಗಿರಾಕಿಗಳು ತರುವ ವರ್ಡ್ ಫೈಲುಗಳಲ್ಲಿ ತುಂಗಾ, ನಿರ್ಮಲಾ ಎಂಬ ವಿಂಡೋಸ್ ಫಾಂಟುಗಳಿರುತ್ತವೆ. ಅವು ಇಲ್ಲದ ಲಿನಕ್ಸ್‌ನಲ್ಲಿ ನೋಟೋ ಅಥವಾ ಲೋಹಿತ್ ಫಾಂಟ್ ಬಂದು ಕೂತು ಎರಡು ಪುಟದ ಮನವಿ ಮೂರನೆಯ ಪುಟಕ್ಕೆ ಜಾರುತ್ತದೆ. ಪುಟಕ್ಕೆ ಇಷ್ಟೆಂದು ದುಡ್ಡು ಕೊಡುವ ಗಿರಾಕಿ ಇದನ್ನು ಸುಮ್ಮನೆ ಒಪ್ಪುವುದಿಲ್ಲ. ಪಿಡಿಎಫ್ ಮಾಡಿಸಿ ಕಳುಹಿಸಿ ಎಂದು ಹೇಳುವುದನ್ನು ಅಂಗಡಿಯವರು ಕ್ರಮೇಣ ರೂಢಿ ಮಾಡಿಕೊಂಡರು.

ಬದಲಾವಣೆ ಮತ್ತು ಪ್ರಿಂಟರ್

2025ರ ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಕೆಲಸ ನಡೆಯಿತು. ಹಳೆಯ ಹಾರ್ಡ್ ಡಿಸ್ಕನ್ನು ಬಿಚ್ಚಿ, ಬ್ಯಾಕಪ್ ತೆಗೆದ ಮೇಲೆ ಹಾಗೆಯೇ ಎತ್ತಿಟ್ಟು, ಅದರ ಜಾಗಕ್ಕೆ ತಿರುಗುವ ಭಾಗಗಳಿಲ್ಲದ, ಹೆಚ್ಚು ವೇಗದ, ಸುಮಾರು ಎರಡು ಸಾವಿರ ರೂಪಾಯಿಯ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅದರಲ್ಲಿ ಸ್ಥಾಪಿಸಿದರು. "ಬೇಡ ಅನ್ನಿಸಿದ್ರೆ ಹೇಳಿ ಮಾವ, ಹಳೇ ಡಿಸ್ಕನ್ನೇ ವಾಪಸ್ ಹಾಕಿಕೊಡ್ತೀನಿ" ಎಂದು ಹುಡುಗ ಹೇಳಿದ ಮೇಲೆಯೇ ಮಾಲೀಕರು ಒಪ್ಪಿದ್ದು. ಕಂಪ್ಯೂಟರ್ ಚುರುಕಾದದ್ದನ್ನು ನೋಡಿ ಮಾಲೀಕರು ಲಿನಕ್ಸನ್ನು ಹೊಗಳಿದರು. ಆ ಹೊಗಳಿಕೆಯಲ್ಲಿ ದೊಡ್ಡ ಪಾಲು ಎಸ್‌ಎಸ್‌ಡಿಗೆ ಸಲ್ಲಬೇಕು. ಅದನ್ನು ಹಾಕಿದ್ದರೆ ವಿಂಡೋಸ್ ಕೂಡ ಚುರುಕಾಗುತ್ತಿತ್ತು. ಪ್ರಚಾರಕರು ಈ ಎರಡನ್ನು ಬೇರ್ಪಡಿಸಿ ಹೇಳುವುದು ಪ್ರಾಮಾಣಿಕತೆಯ ಪ್ರಶ್ನೆ.

ಇನ್‌ಸ್ಟಾಲ್ ಫೈಲ್ ಸುಮಾರು 3 ಜಿಬಿ. ಅಂಗಡಿಯ ಇಂಟರ್‌ನೆಟ್ಟಿನಲ್ಲಿ ಅದನ್ನು ಇಳಿಸುವ ಬದಲು ಕುಶಾಲನಗರದಿಂದ ಪೆನ್‌ಡ್ರೈವ್‌ನಲ್ಲಿ ತಂದಿದ್ದರು. ಅದೇ ಪೆನ್‌ಡ್ರೈವ್ ಅನ್ನು ಪಕ್ಕದ ಅಂಗಡಿಗೂ ಕೊಡಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ ಎಂಬುದು ಮಾಲೀಕರಿಗೆ ಬಹಳ ಹೊತ್ತು ನಂಬಲಾಗದ ಸಂಗತಿಯಾಗಿತ್ತು.

ಬಣ್ಣದ ಪ್ರಿಂಟರ್ ಮತ್ತು ಸ್ಕ್ಯಾನರ್ ತಾವಾಗಿಯೇ ಕೆಲಸ ಮಾಡಿದವು. ಲೇಸರ್ ಪ್ರಿಂಟರ್ ಮಾಡಲಿಲ್ಲ. ಅಗ್ಗದ ಕೆಲವು ಲೇಸರ್ ಪ್ರಿಂಟರುಗಳು ಪುಟವನ್ನು ರಚಿಸುವ ಕೆಲಸವನ್ನು ಕಂಪ್ಯೂಟರಿನಲ್ಲಿರುವ ತಯಾರಕರ ಡ್ರೈವರಿಗೇ ಬಿಟ್ಟಿರುತ್ತವೆ. ಆ ಡ್ರೈವರ್ ಲಿನಕ್ಸ್‌ಗೆ ಸರಿಯಾಗಿ ಬರೆದಿರದಿದ್ದರೆ ಮೊದಲ ಪುಟ ಬಂದು ಎರಡನೆಯದಕ್ಕೆ ನಿಂತುಬಿಡುತ್ತದೆ. ಇಲ್ಲಿ ಆದದ್ದೂ ಅದೇ. ಕೊನೆಗೆ ಆ ಪ್ರಿಂಟರನ್ನು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿ, ನಕಲು ಯಂತ್ರದ ನೆಟ್‌ವರ್ಕ್ ಪ್ರಿಂಟಿಂಗ್ ಸೌಲಭ್ಯವನ್ನು ಲಿನಕ್ಸ್‌ಗೆ ಬಳಸಿಕೊಂಡರು. ನಕಲು ಯಂತ್ರದಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ಪ್ರಯೋಗ ಆ ವಾರವೇ ಮುಗಿಯುತ್ತಿತ್ತು. ಯಾರಿಗೇ ಆಗಲಿ ಲಿನಕ್ಸ್ ಸೂಚಿಸುವ ಮೊದಲು ಅವರ ಪ್ರಿಂಟರಿನ ಮಾದರಿ ಸಂಖ್ಯೆಯನ್ನು ಕೇಳದಿರುವುದು ನನ್ನ ದೃಷ್ಟಿಯಲ್ಲಿ ಬೇಜವಾಬ್ದಾರಿತನ.

ಪುನರ್ವಸು ಮಳೆಯ ಒಂದು ಶನಿವಾರ

ಜುಲೈನಲ್ಲಿ, ಸಂತೆಯ ದಿನವೇ, ಬೆಳಿಗ್ಗೆ ಕಂಪ್ಯೂಟರ್ ಹಾಕಿದರೆ ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಕೆಲವು ಸಾಲುಗಳು ಬಂದು ನಿಂತವು. ಹಿಂದಿನ ರಾತ್ರಿ ಗಾಳಿಮಳೆಗೆ ವಿದ್ಯುತ್ ಹಲವು ಸಲ ಹೋಗಿಬಂದಿತ್ತು, ಕಂಪ್ಯೂಟರ್ ಆರಿಸಿರಲಿಲ್ಲ, ಯುಪಿಎಸ್‌ನ ಬ್ಯಾಟರಿ ಸತ್ತು ಬಹಳ ಕಾಲವಾಗಿತ್ತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫೈಲ್ ವ್ಯವಸ್ಥೆ ತನ್ನಷ್ಟಕ್ಕೆ ಸರಿಪಡಿಸಿಕೊಳ್ಳಲಾರದಷ್ಟು ಕೆಟ್ಟು, ಕೈಯಿಂದ ದುರಸ್ತಿ ಆಜ್ಞೆ ಕೊಡುವಂತೆ ಲಿನಕ್ಸ್ ಕೇಳುತ್ತಿತ್ತು. ಆಜ್ಞೆ ಒಂದೇ ಸಾಲಿನದು, ತಿಳಿದವರಿಗೆ ಎರಡು ನಿಮಿಷದ ಕೆಲಸ.

ತಿಳಿದವನು ಕುಶಾಲನಗರದಲ್ಲಿ ಪರೀಕ್ಷೆಯ ಕೊಠಡಿಯಲ್ಲಿದ್ದ. ಪೇಟೆಯ ರಿಪೇರಿಯವರು ಬಂದು ನೋಡಿ, ಇದು ತಮಗೆ ಗೊತ್ತಿಲ್ಲ, ಬೇಕಿದ್ದರೆ ವಿಂಡೋಸ್ ಹಾಕಿಕೊಡುತ್ತೇವೆ ಎಂದರು. ಹೊಸ ಕಂಪ್ಯೂಟರಿನ ಮುಂದೆ ಸಾಲು ಬೆಳೆಯಿತು. ಅರ್ಜಿಯ ಕೊನೆಯ ದಿನ ಹತ್ತಿರವಿದ್ದ ವಿದ್ಯಾರ್ಥಿಗಳಲ್ಲಿ ಕೆಲವರು ಎದುರಿನ ಅಂಗಡಿಗೆ ಹೋದರು. ಮಧ್ಯಾಹ್ನ ಹುಡುಗ ಫೋನಿನಲ್ಲಿ ಒಂದೊಂದೇ ಅಕ್ಷರ ಹೇಳಿ ಮಾವನ ಕೈಯಿಂದ ಟೈಪ್ ಮಾಡಿಸಿದ ಮೇಲೆ ಕಂಪ್ಯೂಟರ್ ಎದ್ದಿತು, ಒಂದು ಫೈಲೂ ಹೋಗಿರಲಿಲ್ಲ. ಆ ಅರ್ಧ ದಿನ ಲಿನಕ್ಸ್‌ನ ಹೆಸರಿಗೆ ಅಂಗಡಿಯಲ್ಲಿ ಮಸಿ ಹತ್ತಿತು.

ತಾಂತ್ರಿಕವಾಗಿ ನೋಡಿದರೆ ತಪ್ಪು ಸತ್ತ ಬ್ಯಾಟರಿಯದು. ವಿದ್ಯುತ್ ಹೀಗೆ ಹೋಗಿಬಂದರೆ ವಿಂಡೋಸ್‌ನ ಫೈಲುಗಳೂ ಕೆಡುತ್ತವೆ. ಆದರೆ ವಿಂಡೋಸ್ ಕೆಟ್ಟರೆ ಪೇಟೆಯಲ್ಲಿ ಕರೆಯಲು ಮೂವರಿದ್ದಾರೆ, ಲಿನಕ್ಸ್ ಕೆಟ್ಟರೆ ಯಾರೂ ಇಲ್ಲ. ಈ ಅಂತರ ತಂತ್ರಾಂಶದ ಗುಣದಲ್ಲಿಲ್ಲ, ಊರಿನಲ್ಲಿದೆ. ಅಂಗಡಿಯ ಮಾಲೀಕರಿಗಾದರೋ ಊರೇ ಮುಖ್ಯ. ನಮ್ಮ ಜಿಲ್ಲೆಯ ಗಡಿಯಾದ ಕುಟ್ಟ ಅಥವಾ ಮಾಕುಟ್ಟ ದಾಟಿದರೆ ಸಿಗುವ ಕೇರಳದ ಸರ್ಕಾರಿ ಶಾಲೆಗಳಲ್ಲಿ ಇದಕ್ಕೆ ವ್ಯತಿರಿಕ್ತವಾದ ಚಿತ್ರವಿದೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾದ ಯೋಜನೆಯಡಿ ಅಲ್ಲಿನ ಮಕ್ಕಳು ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಅಲ್ಲಿಯ ಲಿನಕ್ಸ್ ನಮ್ಮದಕ್ಕಿಂತ ಬೇರೆಯೇನಲ್ಲ. ತರಬೇತಿ ಪಡೆದ ಶಿಕ್ಷಕರು, ಅದಕ್ಕೆಂದೇ ಬರೆದ ಪಠ್ಯಪುಸ್ತಕ, ಮಲಯಾಳಂ ಟೈಪಿಂಗಿನ ಏರ್ಪಾಡು ಅದರ ಬೆನ್ನಿಗಿವೆ. ಜರ್ಮನಿಯ ಮ್ಯೂನಿಕ್ ನಗರಾಡಳಿತ ಸುಮಾರು 15 ಸಾವಿರ ಕಂಪ್ಯೂಟರುಗಳನ್ನು 2013ರ ಹೊತ್ತಿಗೆ ಲಿನಕ್ಸ್‌ಗೆ ಬದಲಿಸಿ, 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅಷ್ಟು ದೊಡ್ಡ ಆಡಳಿತಕ್ಕೇ ಹಾಗಾದ ಮೇಲೆ ಎರಡು ಕಂಪ್ಯೂಟರಿನ ಅಂಗಡಿಯೊಂದನ್ನು ಒಬ್ಬ ವಿದ್ಯಾರ್ಥಿಯ ಭರವಸೆಯ ಮೇಲೆ ಬದಲಿಸಲು ಹೇಳುವವರು ಎರಡು ಸಲ ಯೋಚಿಸಬೇಕು.

ನನ್ನ ತೀರ್ಮಾನ ಮತ್ತು ಈಗಿನ ಸ್ಥಿತಿ

ಇಷ್ಟಾದರೂ ಲಿನಕ್ಸ್ ಸೂಚಿಸಿದ್ದು ಸರಿ ಎಂದೇ ನಾನು ಹೇಳುತ್ತೇನೆ. ಅಂಗಡಿಯ ಒಂದು ಕಂಪ್ಯೂಟರ್ ಕಳ್ಳಪ್ರತಿಯಿಂದ ಹೊರಬಂದಿದೆ, ಭದ್ರತಾ ಅಪ್‌ಡೇಟ್ ಪಡೆಯುತ್ತಿದೆ, ಹೊಸದು ಕೊಳ್ಳುವ ಖರ್ಚು ಕೆಲವು ವರ್ಷ ಮುಂದಕ್ಕೆ ಹೋಗಿದೆ. ಗಿರಾಕಿಗಳ ಪೆನ್‌ಡ್ರೈವ್‌ನೊಂದಿಗೆ ಬರುವ ವಿಂಡೋಸ್ ವೈರಸ್‌ಗಳು ಅಲ್ಲಿ ಓಡುವುದಿಲ್ಲ. ಆದರೆ ಆ ಫೈಲನ್ನು ಮತ್ತೊಬ್ಬರ ಪೆನ್‌ಡ್ರೈವ್‌ಗೆ ನಕಲು ಮಾಡಿದರೆ ವೈರಸ್ ಅವರ ಮನೆಗೆ ಹೋಗುತ್ತದೆ, ಮತ್ತು ಸರ್ಕಾರಿ ಜಾಲತಾಣದಂತೆ ಕಾಣುವ ನಕಲಿ ತಾಣ ಯಾವ ಆಪರೇಟಿಂಗ್ ಸಿಸ್ಟಂನಲ್ಲಿದ್ದರೂ ಮೋಸ ಮಾಡುತ್ತದೆ. ಲಿನಕ್ಸ್‌ಗೆ ವೈರಸ್ ಭಯವೇ ಇಲ್ಲ ಎಂಬ ಪ್ರಚಾರದ ಮಾತನ್ನು ಬಿಡಿಸಲು ನಾನು ಅಕ್ಕನೊಡನೆ ಸಾಕಷ್ಟು ಮಾತಾಡಬೇಕಾಯಿತು.

ಈ ಅಂಗಡಿಯಂಥವರಿಗೆ, ಹಾಗೆಯೇ ಬ್ರೌಸರ್ ಮತ್ತು ಪತ್ರ ಬರವಣಿಗೆಯಷ್ಟೇ ಕೆಲಸವಿರುವ ಮನೆಗಳಿಗೆ, ಲಿನಕ್ಸ್ ಸೂಚಿಸಲು ನನಗೆ ಹಿಂಜರಿಕೆಯಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಕಾಫಿ ವ್ಯಾಪಾರಿಗಾಗಲಿ, ಪೇಜ್‌ಮೇಕರಿನಿಂದ ಜೀವನ ನಡೆಸುವ ಮುದ್ರಕರಿಗಾಗಲಿ ಸೂಚಿಸಲಾರೆ. ಇಬ್ಬರಿಗೂ ಯೂನಿಕೋಡ್ ಸೂಚಿಸುತ್ತೇನೆ, ಏಕೆಂದರೆ ಅದು ಯಾವ ವ್ಯವಸ್ಥೆಯಲ್ಲಿದ್ದರೂ ಉಪಯೋಗಕ್ಕೆ ಬರುತ್ತದೆ ಮತ್ತು ಮುಂದೆಂದಾದರೂ ಬದಲಾಯಿಸುವ ಮನಸ್ಸಾದರೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಹತ್ತಿರದಲ್ಲಿ ನೋಡಿಕೊಳ್ಳುವ ಇಬ್ಬರಾದರೂ ಇಲ್ಲದ ಕಡೆ ಮಾತ್ರ, ಕೆಲಸ ಎಷ್ಟೇ ಹೊಂದಲಿ, ನಾನು ಬಾಯಿ ಬಿಡುವುದಿಲ್ಲ.

ಇಬ್ಬರು ಎಂಬುದನ್ನು ಜುಲೈನ ಆ ದಿನದ ನಂತರ ಅಂಗಡಿಯವರೂ ಒಪ್ಪಿದರು. ಯುಪಿಎಸ್‌ಗೆ ಹೊಸ ಬ್ಯಾಟರಿ ಬಂತು. ದುರಸ್ತಿಯ ಆಜ್ಞೆಯನ್ನು ಹುಡುಗ ಕನ್ನಡದ ವಿವರಣೆಯೊಂದಿಗೆ ಬರೆದು ಲ್ಯಾಮಿನೇಟ್ ಮಾಡಿ ಕಂಪ್ಯೂಟರಿನ ಪಕ್ಕ ಅಂಟಿಸಿದ್ದಾನೆ. ದಸರೆಯ ರಜೆಯಲ್ಲಿ ರಿಪೇರಿಯವರನ್ನೂ ಕೂರಿಸಿಕೊಂಡು ಹಳೆಯ ಲ್ಯಾಪ್‌ಟಾಪ್ ಒಂದಕ್ಕೆ ಮಿಂಟ್ ಹಾಕಿ ತೋರಿಸಿದ. ಅವರು ಆಸಕ್ತಿ ತೋರಿದರು, ಆದರೆ ವಿಂಡೋಸ್ ಹಾಕಲು ಪಡೆಯುವಷ್ಟೇ ಕೂಲಿಯನ್ನು ಇದಕ್ಕೂ ಕೇಳಿದರು. ಪುಕ್ಕಟೆ ತಂತ್ರಾಂಶಕ್ಕೆ ಕೂಲಿಯೇಕೆ ಎಂದು ಮಾಲೀಕರು ಮೊದಲು ರೇಗಿದರೂ ಆಮೇಲೆ ಒಪ್ಪಿಕೊಂಡರು. ಹುಡುಗನ ಓದು ಮುಂದಿನ ವರ್ಷ ಮುಗಿಯುತ್ತದೆ, ಬೆಂಗಳೂರಿಗೆ ಹೋಗುವವನೇ. ಈಗಿನ ಮಿಂಟ್ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, ಅಷ್ಟರೊಳಗೆ ಮುಂದಿನ ಆವೃತ್ತಿಗೆ ಏರಿಸುವ ಕೆಲಸ ರಿಪೇರಿಯವರದು ಎಂದು ಈಗ ಮಾತಾಗಿದೆ.